ಬರಿದಾಗಿರಬೇಕಿದ್ದ ಕೊಳ

ನವಿಲಗುಂಡಿ
ಹೂಳುತಿಂಗಳ ಕೊನೆಯ ಸೋಮವಾರ, ಕ್ರಿ.ಶ. ೨೨೩೧

ಪೂಜ್ಯ ಗಾದಿಲಿಂಗಪ್ಪ ತಾತನವರಿಗೆ, ನಿಮ್ಮ ಏಳನೇ ತಲೆಮಾರಿನ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಎಸೆಯಬೇಡಿ. ನಿಮಗಿನ್ನೂ ಮದುವೆಯೇ ಆಗಿಲ್ಲ, ಇಪ್ಪತ್ತೇಳರ ಹುಡುಗ. ಆದರೂ ತಾತ ಅನ್ನದೆ ನನಗೆ ಬೇರೆ ದಾರಿಯಿಲ್ಲ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಹೂಳುತಿಂಗಳು ಎಂದರೆ ಮುಂಗಾರಿಗೆ ಮುಂಚೆ ಊರಿಗೆ ಊರೇ ಕೆರೆಗಿಳಿದು ಕೆಸರು ಹೊರುವ ತಿಂಗಳು. ಆ ಪದ ನಿಮ್ಮ ಕಾಲದಲ್ಲಿಲ್ಲ. ಅದು ನಮಗೆ ಬೇಕಾಗಿ ಬಂದದ್ದು ನಿಮ್ಮಿಂದ.

ಇಲ್ಲಿ ಕೊಡದ ನೀರನ್ನು ಯಾರೂ ಹಾಗೇ ಕುಡಿಯುವುದಿಲ್ಲ. ತಂದಿಟ್ಟು, ಕೆಂಪು ಕೆಸರು ತಳಕ್ಕೆ ಇಳಿಯುವವರೆಗೆ ಕಾಯುತ್ತೇವೆ. ಆ ಹೊತ್ತಿಗೆ ತಿಳಿಹೊತ್ತು ಅನ್ನುತ್ತೇವೆ. ಅಡುಗೆ, ಶಾಲೆ, ಹೆಣ್ಣು ನೋಡಲು ಬಂದವರ ಮಾತುಕತೆ, ಎಲ್ಲವೂ ತಿಳಿಹೊತ್ತು ಕಳೆದ ಮೇಲೆಯೇ. ಬಿಳಿ ಬಟ್ಟೆ ತೊಟ್ಟವರು ಕಂಡರೆ ಪರವೂರಿನವರೆಂದು ದೂರದಿಂದಲೇ ತಿಳಿಯುತ್ತದೆ. ಮಳೆ ಬಂದರೆ ಮಕ್ಕಳು ಕುಣಿಯುವುದಿಲ್ಲ, ಕೆಂಪು ಸಿಡಿಯದಂತೆ ಕೊಡ ಮುಚ್ಚಲು ಓಡುತ್ತಾರೆ. ನನ್ನ ಮಗಳು ನೀಲಮ್ಮನಿಗೆ ಆರು ವರ್ಷ; ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ತನ್ನ ಪಾದ ತಾನು ನೋಡಿದವಳಲ್ಲ.

ನಮ್ಮ ಮನೆಯ ಗೋಡೆಯ ಮೇಲೆ ನಿಮ್ಮ ಪಟವಿತ್ತು. ‘ಕೆರೆ ಕೊಟ್ಟ ತಾತ’ ಎಂದು ಹಬ್ಬಕ್ಕೆ ಹಾರ ಹಾಕುತ್ತಿದ್ದೆವು. ಗಣಿಯವರೆಲ್ಲ ಗುಡ್ಡ ತಿಂದರು, ನಮ್ಮ ತಾತ ಮಾತ್ರ ಊರಿಗೊಂದು ಕೆರೆ ಕೊಟ್ಟರು, ಪಾಪ ಅದೂ ಒಡೆಯಿತು ಎಂದು ಹೇಳಿಕೊಂಡೇ ಬೆಳೆದೆ. ಈ ವರ್ಷ ಅಜ್ಜಿ ಸಾಯುವ ಮುಂಚೆ ನಿಜ ಹೇಳಿದಳು. ನೀವು ಮುಪ್ಪಿನಲ್ಲಿ ಮಗಳೆದುರು ಆಡಿದ ಮಾತಂತೆ. ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಬಂದಿತ್ತು.

ಅದು ಕೆರೆಯೇ ಅಲ್ಲ. ಅದಿರಿನ ರಾಶಿ, ಅದಿರು ತೊಳೆಯುವ ಜಾಗ, ಲಾರಿ ರಸ್ತೆಗಳ ಮೇಲೆ ಬಿದ್ದ ಮಳೆನೀರು ಊರ ಕೆರೆಗೆ ಇಳಿಯುವ ಮುಂಚೆ ನಿಂತು ಕೆಸರು ಬಿಡಲೆಂದು ತೋಡಿದ ಹೊಂಡ. ಪ್ರತಿ ಮಳೆಯ ನಂತರ ತಿಳಿನೀರು ಹೊರಬಿಟ್ಟು, ಹೂಳು ತೆಗೆದು, ಮುಂದಿನ ಮಳೆಗೆ ಜಾಗ ಮಾಡಬೇಕು. ಅದು ಬರಿದಾಗಿದ್ದರೇ ಕ್ಷೇಮ. ಗಣಿಯಲ್ಲಿ ಮಳೆನೀರಿನ ಹೊಣೆ ಹೊತ್ತ ಎಂಜಿನಿಯರ್ ನೀವು, ನಿಮಗಿದು ಚೆನ್ನಾಗಿ ಗೊತ್ತಿತ್ತು. ಊರಿನವರಿಗೆ ಗೊತ್ತಿರಲಿಲ್ಲ. ತುಂಬಿದ ನೀರು ಕಂಡರೆ ಕೈಮುಗಿಯುವ ಜನ. ಕೊಳ ತುಂಬಿದ್ದೇ ತಡ, ಹೆಂಗಸರು ಮೊರದಲ್ಲಿ ಬಳೆ, ಅರಿಸಿನ, ಕುಂಕುಮ ಇಟ್ಟು ಬಾಗಿನ ತಂದರು. ನೀವು ಆಗಷ್ಟೇ ನೀರು ಖಾಲಿ ಮಾಡಲು ಪಂಪು ಹಚ್ಚಿಸಿದ್ದಿರಿ. ಎಲ್ಲರ ಮುಂದೆ ನಿಂತಿದ್ದ ಹೊನ್ನೂರಮ್ಮ, ತುಂಬಿದ ಕೆರಿ ಬರಿದು ಮಾಡೋರ ಮುಖ ನಾ ನೋಡಂಗಿಲ್ಲ ಅಂದಳಂತೆ.

ನೀವು ಪಂಪು ನಿಲ್ಲಿಸಿದಿರಿ. ಬಾಗಿನ ಬಿಡುವಾಗ ಜೊತೆಗೆ ನಿಂತಿರಿ. ಮ್ಯಾನೇಜರ್ ಖುಷಿಯಾಗಿ ‘ಹೊಸ ಕೆರೆ’ ಎಂದು ಬೋರ್ಡು ಹಾಕಿಸಿದ. ಹೂಳು ತುಂಬುತ್ತ ಹೋಯಿತು, ನೀವು ಬಾಯಿ ಬಿಡಲಿಲ್ಲ. ಹಿಂಗಾರಿನ ದೊಡ್ಡ ಮಳೆಗೆ ಅಲ್ಲಿ ಜಾಗವೇ ಇರಲಿಲ್ಲ. ಏರಿ ಒಡೆದು ಕೆಸರೆಲ್ಲ ನಮ್ಮ ಹಳೆಯ ಕೆರೆಗೆ ನುಗ್ಗಿತು. ಆಮೇಲೆ ಗಣಿ ಮುಚ್ಚಿದರು, ಕೊಳವನ್ನು ಮತ್ತೆ ಕಟ್ಟುವವರಿರಲಿಲ್ಲ. ಅಂದಿನಿಂದ ಪ್ರತಿ ಮಳೆಗೂ ಗುಡ್ಡದ ಕೆಂಪು ನೇರವಾಗಿ ಕೆರೆಗೆ ಬರುತ್ತಿದೆ.

ಗಣಿಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರನ್ನು ನಾವು ನಂಬಿಯೇ ಇರಲಿಲ್ಲ. ನಿಮ್ಮನ್ನು ನಂಬಿದ್ದೆವು. ಹಾರ ಕಟ್ಟಿದ್ದನ್ನೆಲ್ಲ ನೆನೆದು ಪಟ ಇಳಿಸಿಟ್ಟಿದ್ದೇನೆ.

ಈ ಕಾಗದ ಬಾಗಿನದ ಬೆಳಿಗ್ಗೆಯೇ ನಿಮ್ಮ ಕೈ ಸೇರಬೇಕು. ಪಂಪು ನಿಲ್ಲಿಸಬೇಡಿ. ಇದು ಕೆರೆಯಲ್ಲ ಎಂದು ಅವರೆದುರೇ ಹೇಳಿ, ಬೈದರೆ ಬೈಸಿಕೊಳ್ಳಿ. ಹೊನ್ನೂರಮ್ಮ ಮುಖ ತಿರುಗಿಸಿ ಹೋಗಬಹುದು. ಮುಂದೆ ನೀವು ಮದುವೆಯಾಗುವುದು ಅವಳನ್ನೇ, ನಮ್ಮ ಮನೆತನ ಬೆಳೆದದ್ದು ಅವಳಿಂದಲೇ. ಅವಳು ಒಪ್ಪದಿದ್ದರೆ ನಾನಿಲ್ಲ, ನೀಲಮ್ಮನೂ ಇಲ್ಲ. ನನ್ನ ಮಗಳು ಈಗ ಪಕ್ಕದಲ್ಲೇ ಕೂತು ಕಾಲಿನ ಕೆಂಪು ಉಜ್ಜಿಕೊಳ್ಳುತ್ತಿದ್ದಾಳೆ, ಹೋಗುವುದಿಲ್ಲವೆಂದು ಗೊತ್ತಿದ್ದೂ. ಬೆಳಗಿನಿಂದ ಈ ಮಾತು ಬರೆಯಲು ನನಗೆ ಕೈ ಬಂದಿರಲಿಲ್ಲ.

ಆದರೂ ಪಂಪು ಓಡಲಿ, ತಾತ. ನನ್ನ ಮಗಳಲ್ಲದಿದ್ದರೆ ಬೇರೆ ಯಾರ ಮಗಳಾದರೂ ಆಗಲಿ, ನಮ್ಮ ಕೆರೆಗಿಳಿದು ತನ್ನ ಪಾದ ತಾನು ನೋಡಿಕೊಳ್ಳಲಿ.

ಹುಲಿಗೆಮ್ಮ