ಬಾಯ್ಲರ್ ಮತ್ತೆ ಹೊತ್ತಿಕೊಂಡಿತು

ಹ್ಯಾಲಿಫ್ಯಾಕ್ಸ್,
ಜನವರಿ ೧೮, ಮಂಗಳವಾರ

ಪ್ರೀತಿಯ ಕ್ಲಿಫ್,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಕಿಟಕಿಯ ತನಕ ನಡೆದೆಯಂತೆ, ನರ್ಸ್ ಹೇಳಿದಳು. ಆಸ್ಪತ್ರೆಯ ಸೂಪು ರುಚಿಯಿಲ್ಲವೆಂದು ತಟ್ಟೆ ದೂರ ತಳ್ಳಬೇಡ, ಕುಡಿ. ಫೋನಿನಲ್ಲಿ ನಾನು ಹೇಳುವುದೊಂದು, ನಿನಗೆ ಕೇಳಿಸುವುದು ಇನ್ನೊಂದು, ಅದಕ್ಕೇ ಬರೆಯುತ್ತಿದ್ದೇನೆ. ಮನೆ ಬೆಚ್ಚಗಿಡುವ ನಮ್ಮ ಗ್ಯಾಸ್ ಬಾಯ್ಲರ್ ಮತ್ತೆ ಉರಿಯುತ್ತಿದೆ ಕಣೋ! ಸ್ವೆಟರ್ ಇಲ್ಲದೆ ಕೂತಿದ್ದೇನೆ.

ನೀನು ಆಸ್ಪತ್ರೆ ಸೇರಿದ ಮೇಲೆ ಅದು ಕೆಟ್ಟಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮನೆ ಬೆಚ್ಚಗಾಗದೆ ನಿನ್ನನ್ನು ಕಳಿಸುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ನಮ್ಮ ಬೆವರ್ಲಿ ವೃದ್ಧಾಶ್ರಮದಲ್ಲಿ ನಿನಗೊಂದು ಕೋಣೆಯನ್ನೂ ನೋಡಿಬಂದಿದ್ದಳು. "ಚಳಿ ಮುಗಿಯೋ ತನಕ ಅಷ್ಟೇ, ಅಮ್ಮಾ" ಅಂದಳು. ಮಗಳದು ಕೆಟ್ಟ ಮನಸ್ಸಲ್ಲ. ಆದರೂ ಎದುರುಮನೆಯ ನಾರ್ಮನ್ ಕೂಡ ಹೀಗೇ ನಾಲ್ಕು ದಿನಕ್ಕೆಂದು ಹೋದವನು, ತಿರುಗಿ ಬಂದನೇ?

ಬಾಯ್ಲರ್ ನೋಡಲು ಬೆವರ್ಲಿ ಯಾವುದೋ ಕಂಪನಿಯವನನ್ನು ಕರೆಸಿದಳು. ಫಳಫಳ ಹೊಳೆಯುವ ವ್ಯಾನು. ಟೀ ನೀರು ಕುದಿಯುವಷ್ಟರಲ್ಲಿ ಅವನ ತಪಾಸಣೆ ಮುಗಿದಿತ್ತು: ಒಳಗಿನ ಮುಖ್ಯ ಭಾಗ ಒಡೆದಿದೆ, ರಿಪೇರಿ ಆಗದು, ಹೊಸದೇ ಹಾಕಿಸಬೇಕು, ಇವತ್ತೇ ಸಹಿ ಮಾಡಿ. ನಿಲ್ಲುವ ಮೊದಲು ಗುಳುಗುಳು ಸದ್ದು ಬರುತ್ತಿತ್ತು ಎಂದರೆ ಮಗುವನ್ನು ನೋಡಿದಂತೆ ನಕ್ಕ. ಒಡೆದದ್ದನ್ನು ತೋರಿಸು ಎಂದೆ.

"ಅದು ಹೊರಗಿಂದ ಕಾಣಲ್ಲ ಅಜ್ಜಿ."

"ಕಾಣದ್ದು ನಿನಗೆ ಹೇಗಪ್ಪ ಕಂಡಿತು?"

ಶುಕ್ರವಾರ ಮಗಳಿದ್ದಾಗ ಬರುತ್ತೇನೆಂದು ಎದ್ದುಹೋದ. ಒಳ್ಳೆಯ ಬಿಸ್ಕತ್ತು ಹೊರಗೆ ತೆಗೆದಿರಲಿಲ್ಲ, ಬಚಾವಾಯಿತು.

ಮರುದಿನ ಕೋಟು ಟೋಪಿ ಹಾಕಿಕೊಂಡು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದೆ. ನಿಮ್ಮ ಬಾಯ್ಲರ್ ಯಾರು ರಿಪೇರಿ ಮಾಡಿದರು ಎಂದಷ್ಟೇ ಕೇಳಲಿಲ್ಲ. ಅವರನ್ನೇ ಎರಡನೇ ಸಲವೂ ಕರೆದಿರಾ ಎಂದು ಕೇಳಿದೆ. ಹೆಸರು ಹೇಳಿದವರಲ್ಲಿ ಹೆಚ್ಚಿನವರು ಈ ಪ್ರಶ್ನೆಗೆ ಇಲ್ಲವೆಂದು ತಲೆಯಾಡಿಸಿದರು. ಎರಡನೇ ಸಲವೂ ಕರೆದೆವು ಎಂದವರೆಲ್ಲ ಹೇಳಿದ್ದು ಲೋರ್ನಾಳ ಹೆಸರು. ಕಸದ ಡಬ್ಬಿಗಾಗಿ ನೀನು ಜಗಳ ಆಡಿದ್ದೆಯಲ್ಲ, ಪಕ್ಕದ ಮನೆಯ ನಸ್ರೀನ್, ಅವಳೇ ಲೋರ್ನಾಗೆ ಫೋನು ಮಾಡಿದಳು. ಸಂಜೆ ಬಿಸಿಬಿಸಿ ಬೇಳೆ ಸಾರನ್ನೂ ತಂದುಕೊಟ್ಟಳು. ಇನ್ನು ಡಬ್ಬಿಯ ಸುದ್ದಿ ಎತ್ತಬೇಡ.

ಲೋರ್ನಾ ಬಾಗಿಲು ತುಂಬುವಂಥ ಹೆಂಗಸು, ಕೆಲಸ ಮಾಡುತ್ತಲೇ ಹಾಡುತ್ತಾಳೆ. ಕೇಳುವ ಮೊದಲೇ ಗುರುತಿನ ಚೀಟಿ ತೋರಿಸಿದಳು. ಗ್ಯಾಸ್ ಕೆಲಸಗಾರರ ಹೆಸರು ನೋಂದಾಯಿಸುವ ಕಚೇರಿಗೆ ಫೋನು ಮಾಡಿ ಚೀಟಿಯಲ್ಲಿದ್ದ ನಂಬರು ಸರಿಯೇ ಎಂದು ವಿಚಾರಿಸಿದೆ. ಅವಳು ಬೇಸರಪಡಲಿಲ್ಲ. "ಎಲ್ಲರೂ ಹೀಗೆ ವಿಚಾರಿಸಿದ್ರೆ ನನಗೆ ಅರ್ಧ ತಲೆನೋವು ಕಮ್ಮಿ ಆಗುತ್ತೆ" ಅಂದಳು. ಆಮೇಲೆ, ಸದ್ದು ಹೇಗಿತ್ತು ಎಂದು ಕೇಳಿದಳು. ಗಂಟಲಲ್ಲೇ ಮಾಡಿ ತೋರಿಸಿದೆ. ನಕ್ಕು, ನೆಟ್ಟಗೆ ಹಿತ್ತಲಿಗೆ ಹೋದಳು. ಬಾಯ್ಲರಿನ ತ್ಯಾಜ್ಯ ನೀರು ಹೊರಹೋಗುವ ಕೊಳವೆ ಹಿಮಗಟ್ಟಿತ್ತು, ಒಳಗಿನ ಕಡೆ ಕೆಸರು ಕಟ್ಟಿತ್ತು. ನೀರು ಹಿಂದಕ್ಕೆ ತುಂಬಿ ಬಾಯ್ಲರ್ ತಾನೇ ಆರುತ್ತಿತ್ತು. ಕರಗಿಸಿ, ತೊಳೆದು, ಕೊಳವೆಗೆ ದಪ್ಪ ಹೊದಿಕೆ ಸುತ್ತಿ, ಮೀಟರ್ ಹಿಡಿದು ಎಲ್ಲ ಪರೀಕ್ಷಿಸಿದಳು. ಎಲ್ಲೂ ಒಡೆದಿರಲಿಲ್ಲ. ಹಳೆಯದು, ಇನ್ನೆರಡು ಮೂರು ಚಳಿಗಾಲ ಬರಬಹುದು, ಆಮೇಲೆ ಬದಲಿಸಿ ಎಂದು ಅದನ್ನೂ ಮುಚ್ಚಿಡದೆ ಹೇಳಿದಳು. ಬಿಸಿನೀರು ಹರಿದು ಗೋಡೆಯ ರೇಡಿಯೇಟರ್ ಟಿಕ್ ಟಿಕ್ ಎಂದು ಕಾಯತೊಡಗಿದಾಗ ನಾನು ಅದರ ಮೇಲೆ ಕೈಯಿಟ್ಟು ಅತ್ತೆ. ಲೋರ್ನಾ ಹಾಡು ನಿಲ್ಲಿಸಲಿಲ್ಲ, ಒಳ್ಳೆಯದೇ ಆಯಿತು.

ಶುಕ್ರವಾರ ವ್ಯಾನಿನವನು ಬಂದ. ನಾನು ಬೆವರ್ಲಿಗೂ ಏನೂ ಹೇಳಿರಲಿಲ್ಲ. ಮನೆಯ ಎಲ್ಲ ರೇಡಿಯೇಟರುಗಳನ್ನೂ ಪೂರ್ತಿ ತಿರುಗಿಸಿ ಬೇಯುವಷ್ಟು ಬಿಸಿ ಮಾಡಿಟ್ಟಿದ್ದೆ. ಕಾಗದ ಹರಡುತ್ತಿದ್ದವನ ಹಣೆಯಲ್ಲಿ ಬೆವರು.

"ಒಡೆದ ಬಾಯ್ಲರ್ ಹೇಗೆ ಉರೀತಿದೆ ನೋಡಪ್ಪ" ಅಂದೆ.

ತಾತ್ಕಾಲಿಕ, ಅಪಾಯ ಎಂದೇನೋ ತೊದಲಿದ. ಲೋರ್ನಾ ಬರೆದುಕೊಟ್ಟ ವರದಿಯನ್ನು ಬೆವರ್ಲಿಯ ಕೈಗಿಟ್ಟೆ. ಅವಳು ಪೂರ್ತಿ ಓದಿ, ಎದ್ದು, ತಾನೇ ಮುಂಬಾಗಿಲು ತೆರೆದು ನಿಂತಳು. ಅವನು ಹೋದ ಮೇಲೆ ಟೀ ಲೋಟಗಳನ್ನೆಲ್ಲ ತೊಳೆದಿಟ್ಟಳು. ನನಗೆ ಅಷ್ಟು ಸಾಕು.

ನಸ್ರೀನ್ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಔಷಧಿ ತಪ್ಪಿಸಬೇಡ.

ನಿನ್ನ
ಆಡ್ರಿ

ಮ.ವಿ.: ಅಂಚೆಯ ಹೊತ್ತಾಯಿತು, ಮುಖ್ಯ ಮಾತೇ ಬಿಟ್ಟುಹೋಯಿತು. ಆಸ್ಪತ್ರೆಯಾಕೆ ಇವತ್ತು ಮನೆ ನೋಡಿ ಒಪ್ಪಿಹೋದಳು. ಗುರುವಾರ ಬೆಳಗ್ಗೆ ನಿನ್ನನ್ನು ಕರೆತರುತ್ತಾರೆ. ವೃದ್ಧಾಶ್ರಮಕ್ಕೆ ಬೆವರ್ಲಿಯೇ ಫೋನು ಮಾಡಿ ಬೇಡವೆಂದಳು. ಮೆಟ್ಟಿಲು ಹತ್ತುವುದು ಬೇಡವೆಂದು ನಿನ್ನ ಮಂಚವನ್ನು ಕೆಳಗೆ ಮುಂಭಾಗದ ಕೋಣೆಯಲ್ಲಿ ಹಾಕಿಸಿದ್ದೇನೆ. ನನ್ನದನ್ನೂ, ಪಕ್ಕದಲ್ಲೇ.