ಪತ್ರಿ ಗಿಡದ ಬುಡದ ತಂತಿ

ಕೊಟ್ಟೂರು
28-5-2003, ಬುಧವಾರ

ಪ್ರೀತಿಯ ವಾಣಿ,

ಮೊದಲು ನಿನ್ನ ಕೈಯ ಮಾತು. ಬಲಗೈಯ ಕೊನೆಯ ಎರಡು ಬೆರಳಿಗೆ ಅರಿವು ಬಂದಿದೆಯೇ, ಇನ್ನೂ ಜೋಮು ಹಿಡಿದ ಹಾಗೇ ಇದೆಯೇ? ಹಡಗಲಿಯ ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಮುಗಿಯುವವರೆಗೂ ನುಂಗು, ವಾಸಿಯಾಯಿತೆಂದು ಅರ್ಧಕ್ಕೆ ಬಿಡಬೇಡ. ನಿದ್ದೆಯಲ್ಲಿ ಬೆಚ್ಚಿ ಏಳುವುದು ಕಡಿಮೆಯಾಗಿದೆ ಎಂದು ನಿನ್ನ ಅವ್ವ ಬಸವೇಶನಿಗೆ ಹೇಳಿದರಂತೆ. ಅದನ್ನು ಕೇಳಿದ ದಿನ ನಾನೂ ಒಂದಿಷ್ಟು ನಿದ್ದೆ ಮಾಡಿದೆ. ಮಗಳು ಅರ್ಚನಾ ಅಲ್ಲಿ ಹೊಂದಿಕೊಂಡಿದ್ದಾಳೆಯೇ? ಅವಳ ಶಾಲೆ ಸೋಮವಾರ ಶುರು. ಅತ್ತೆ ಅವಳ ಸಮವಸ್ತ್ರದ ಲಂಗದ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಿ ಇಟ್ಟಿದ್ದಾರೆ. ಅವರ ಮೊಣಕಾಲು ನೋವು ಹಾಗೇ ಇದೆ. ನಿನ್ನ ಗಂಡ ಬಸವೇಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಮಾತು ಮಾತ್ರ ಕಡಿಮೆ. ನನಗೆ ಸೆಕೆಯೊಂದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ.

ಬಸವೇಶ ನಿಮ್ಮ ಪಕ್ಕದ ಮನೆಗೆ ಎರಡು ಸಲ ಫೋನ್ ಮಾಡಿದ, ಎರಡು ಸಲವೂ ನೀನು ಬರಲಿಲ್ಲ. ಅದಕ್ಕೇ ಈ ಕಾಗದ. ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಭಾವ ನನ್ನ ಕಡೆ ತಿರುಗಿ, "ಎಂ.ಎ. ಮಾಡಿದಾಕಿ ಮನ್ಯಾಗ ಇದ್ದು ಏನು ಉಪಯೋಗ? ಒಂದು ಕಾಗದ ಬರಿ. ಕಾಟಾ ರಿಪೇರಿ ಆಗೇತಿ, ಶಾಲಿ ಸುರು ಆಗ್ತೈತಿ, ಬಾ ಅಂತ ಬರಿ. ಬರದು ನನಗ ತೋರ್ಸು" ಎಂದರು. ತೋರಿಸುತ್ತೇನೆ. ನನ್ನ ಬರಹವನ್ನು ಅವರು ಓದುವ ರೀತಿ ನಿನಗೆ ಗೊತ್ತೇ ಇದೆ: ಮೇಲಿನ ನಾಲ್ಕು ಸಾಲು, ಕೆಳಗಿನ ನಾಲ್ಕು ಸಾಲು. "ನಡುವಿಂದು ನಿನ್ನ ಕವಿತಿ, ಅದು ನನಗ್ಯಾಕ" ಅನ್ನುತ್ತಾರೆ. ಹಾಗಾಗಿ ನಡುವೆ ನಾನು ನನಗೆ ತೋಚಿದ್ದನ್ನು ಬರೆಯಬಹುದು.

ನೀನು ಹೋದ ಮೇಲೆ ನಿನ್ನ ಮಧ್ಯಾಹ್ನಗಳೂ ನನ್ನ ಪಾಲಿಗೆ ಬಂದಿವೆ. ಬೆಳಿಗ್ಗೆ ಏಳಕ್ಕೆ ಲಾರಿ ತೂಗುವ ಕಾಟಾದ ಕ್ಯಾಬಿನ್ನಿಗೆ ಹೋದರೆ ಸಂಜೆ ದೀಪ ಹಚ್ಚುವವರೆಗೂ ಅಲ್ಲೇ. ಬಿತ್ತನೆಗೆ ಮುಂಚಿನ ದಿನಗಳಲ್ಲವೇ, ಗೊಬ್ಬರದ ಲಾರಿಗಳು ಒಂದರ ಹಿಂದೊಂದು ನಿಂತಿರುತ್ತವೆ. ತಗಡಿನ ಮಾಡು, ಬಿಸಿ ಗಾಳಿ ಬೀಸುವ ಫ್ಯಾನು, ಲಾರಿ ನಿಲ್ಲುವ ಕಬ್ಬಿಣದ ಹಾಸಿನ ಕಡೆಗೊಂದು ಕಿಟಕಿ. ಬಚ್ಚಲಿಗೆ ಹೋಗಬೇಕೆಂದರೂ ಹಾಸಿನ ಮೇಲಿನ ಲಾರಿ ಇಳಿಯಬೇಕು, ಇಳಿಯುವ ಹೊತ್ತಿಗೆ ಇನ್ನೊಂದು ಹತ್ತಿರುತ್ತದೆ. ರಿಜಿಸ್ಟರಿನ ಕೆಳಗೆ ಒಂದು ಕವನ ಸಂಕಲನ ಇಟ್ಟುಕೊಂಡಿರುತ್ತೇನೆ. ನಾಲ್ಕು ಸಾಲು ಓದುವಷ್ಟರಲ್ಲಿ ಹಾರ್ನು. ಮತ್ತೆ ಪುಸ್ತಕ ತೆರೆದಾಗ ಅದೇ ನಾಲ್ಕು ಸಾಲನ್ನು ಮೊದಲಿನಿಂದ ಓದುತ್ತೇನೆ. ಹೀಗೆ ಈ ಬೇಸಿಗೆಯಲ್ಲಿ ಒಂದು ಪದ್ಯವನ್ನೂ ಮುಗಿಸಿಲ್ಲ, ಮೊದಲ ಸಾಲುಗಳೆಲ್ಲ ಬಾಯಿಪಾಠವಾಗಿವೆ. ಗುಮಾಸ್ತ ಬಿಟ್ಟುಹೋದಾಗ ಎರಡು ತಿಂಗಳ ಮಟ್ಟಿಗೆ ಎಂದು ನನ್ನನ್ನು ಅಲ್ಲಿ ಕೂರಿಸಿದ್ದು. ಆರು ವರ್ಷವಾಯಿತು. "ಮನಿ ಹೆಣ್ಮಕ್ಳು ಕುಂತ್ರ ತೂಕದಾಗ ಮೋಸ ಇಲ್ಲ ಅಂತ ಮಂದಿ ನಂಬ್ತಾರ" ಎಂದು ನಿಮ್ಮ ಭಾವ ಎಲ್ಲರೆದುರು ಹೇಳಿಬಿಟ್ಟರು. ನಂಬಿಕೆಯನ್ನು ನಮ್ಮ ಕೊರಳಿಗೆ ಕಟ್ಟಿದ ಮೇಲೆ ಎದ್ದು ಬರುವುದು ಹೇಗೆ? ಎದ್ದವಳೇ ಮೋಸಗಾತಿ ಆಗುತ್ತಾಳೆ.

ಓರಗಿತ್ತಿಯಾಗಿ ಬಂದ ನೀನು ಕ್ಯಾಬಿನ್ನಿನಲ್ಲೂ ನನ್ನ ಜೊತೆ ಸೇರಿದ ಮೇಲೆ ಸ್ವಲ್ಪ ಉಸಿರಾಡಿದೆ. ತೂಕದ ಅಂಕಿ ತೋರಿಸುವ ಆ ಇಂಡಿಕೇಟರ್ ಡಬ್ಬಿಯ ಜೊತೆ ಬಂದ ಹನ್ನೆರಡು ಪುಟದ ಇಂಗ್ಲಿಷ್ ಪುಸ್ತಿಕೆಯನ್ನು ನಿನಗಾಗಿ ಕನ್ನಡಕ್ಕೆ ಮಾಡಿದ್ದೆನಲ್ಲ, ಆ ನೋಟ್‌ಬುಕ್ ಇನ್ನೂ ಮೊಳೆಗೆ ನೇತಾಡುತ್ತಿದೆ. ಸ್ವಿಚ್ ಹಾಕಿ ಇಪ್ಪತ್ತು ನಿಮಿಷ ಬಿಡಬೇಕು, ಹಾಸು ಖಾಲಿ ಇದ್ದಾಗ ಸೊನ್ನೆ ಬಂದಿದೆಯೇ ನೋಡಬೇಕು, ಅಂಕಿ ಅಲುಗಾಡುವಾಗ ಚೀಟಿ ತೆಗೆಯಬಾರದು, ಗುಡುಗು ಕೇಳಿದೊಡನೆ ಪ್ಲಗ್ ಕೀಳಬೇಕು, ಒದ್ದೆ ಬಟ್ಟೆಯಿಂದ ಒರೆಸಬಾರದು. ನೀನು ನನಗಿಂತ ಕಟ್ಟುನಿಟ್ಟು. ಲಾರಿ ಡ್ರೈವರ್ ಓಬಣ್ಣ ಹಿಂದಿನ ಬಾಗಿಲಿಗೆ ಬೆಸುಗೆ ಹಾಕಿಸಲು ವೆಲ್ಡಿಂಗಿನವನನ್ನು ಹಾಸಿನ ಮೇಲೇ ಕರೆತಂದಾಗ, ಹಾಗೆ ಮಾಡಿದರೆ ಕರೆಂಟು ಹಾಸಿನ ಕೆಳಗೆ ಭಾರ ಅಳೆಯುವ ಬಿಲ್ಲೆಗಳಿಗೆ ಹರಿದು ಎಲ್ಲ ಸುಟ್ಟುಹೋಗುತ್ತದೆ ಎಂದು ನೀನು ಕಿಟಕಿಯಿಂದಲೇ ಕೂಗಿದ್ದು ನೆನಪಿದೆಯೇ? "ಬೇಕಾದ್ರ ನನ್ನ ತಲಿ ಮ್ಯಾಲೆ ವೆಲ್ಡಿಂಗ್ ಮಾಡ್ರಿ ಓಬಣ್ಣಾರ, ಕಾಟಾದ ಮ್ಯಾಲೆ ಬ್ಯಾಡ್ರಿ." ಅವನು ಸುಮ್ಮನೆ ಲಾರಿ ಇಳಿಸಿ, "ಸಣ್ಣ ಯಜಮಾನ್ತಿ ಕಾಟಾಕ್ಕಿಂತ ಜೋರು ಅದಾಳ" ಎಂದು ಹೋದ. ಆ ದಿನ ಎಷ್ಟು ನಕ್ಕೆವು.

ಆ ನೋಟ್‌ಬುಕ್ಕಿನ ನಾಲ್ಕನೇ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಇದೆ: ಡಬ್ಬಿಯ ಮೈಗೆ ಸೋರಿದ ಕರೆಂಟು ನೆಲಕ್ಕೆ ಇಳಿಯುವಂತೆ ಅರ್ಥಿಂಗ್ ತಂತಿ ಗಟ್ಟಿಯಾಗಿರಬೇಕು, ಅದನ್ನು ಹೂತ ಗುಂಡಿ ಯಾವಾಗಲೂ ಹಸಿಯಾಗಿರಬೇಕು. ಅದಕ್ಕೇ ನಾನು ದಿನಕ್ಕೊಂದು ಕೊಡ ನೀರು ಆ ಗುಂಡಿಗೆ ಹಾಕುತ್ತಿದ್ದದ್ದು. ನಲ್ಲಿ ಎಂಟು ದಿನಕ್ಕೊಮ್ಮೆ ಬರುವ ಊರಿನಲ್ಲಿ ಮಣ್ಣಿಗೆ ನೀರು ಸುರಿದರೆ ಯಾರು ಸುಮ್ಮನಿರುತ್ತಾರೆ? ಎದುರಿನ ಅಂಗಡಿಯ ಚೌಡಕ್ಕ, "ಮಂದಿಗೆ ಕುಡ್ಯಾಕ ಇಲ್ಲ, ನಿಮ್ಮ ಮಷೀನಿಗೆ ದಿನಾ ಜಳಕ ಏನವ್ವಾ" ಎಂದು ಕೇಳದ ದಿನವಿರಲಿಲ್ಲ.

ಈಗ ನಿನಗೆ ಹೇಳದ ಒಂದು ಮಾತು. ಶಿವರಾತ್ರಿ ಮುಗಿದ ಮೇಲಿನ ಸೋಮವಾರ ಅತ್ತೆ ಉಜ್ಜಿನಿಯಿಂದ ಬಿಲ್ವಪತ್ರಿಯ ಸಸಿ ತಂದರು. ಉಪವಾಸವಿದ್ದರು. "ದಿನಾ ಒಂದು ಕೊಡ ನೀರು ಮಣ್ಣುಪಾಲು ಆಗ್ತೈತಿ. ಆ ಶಿವನ ಪತ್ರಿಯಾರ ಕುಡೀಲಿ ಬಿಡು ಶಿವಲೀಲಾ" ಎಂದು ಗುಂಡಿಯ ಜಾಗದಲ್ಲೇ ಹಾರೆ ಹಾಕಿದರು. ಸಸಿ ಹಿಡಿದುಕೊಂಡು ನಿಂತವಳು ನಾನು. ಮೂರನೇ ಏಟಿಗೆ ಠಣ್ ಎಂದಿತು, ಒಂದು ಪಟ್ಟಿ ಮುರಿದು ಮೇಲೆ ಬಂತು. "ಹಳೇ ತಗಡು, ಒಗಿ ಅತ್ಲಾಗ" ಎಂದರು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅರ್ಥಿಂಗಿನ ಪಟ್ಟಿ. ಉಪವಾಸದ ಜೀವ, ಮೊಣಕಾಲು ನೋವಿನಲ್ಲೂ ಅಷ್ಟು ಸಂಭ್ರಮದಿಂದ ಅಗೆಯುತ್ತಿದ್ದಾರೆ, ಸಂಜೆ ನಿಮ್ಮ ಭಾವನಿಗೆ ಹೇಳಿದರಾಯಿತು ಎಂದುಕೊಂಡೆ. ಪಟ್ಟಿಯನ್ನು ಮಡಚಿ ಮಣ್ಣಿನೊಳಗೆ ತುರುಕಿ, ಮೇಲೆ ಸಸಿ ಇಟ್ಟೆ. ಸಂಜೆ ಯಾವುದೋ ಮಾತಿಗೆ ಮನೆಯಲ್ಲಿ ರಗಳೆ ಆಯಿತು, ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಡಬ್ಬಿ ಕೆಲಸ ಮಾಡುತ್ತಲೇ ಇತ್ತು. ಕೆಲಸ ಮಾಡುವ ವಸ್ತುವಿನ ಬಗ್ಗೆ ಯಾರು ಮಾತೆತ್ತುತ್ತಾರೆ ಎಂದು ನಾನೇ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಪತ್ರಿಗೆ ನೀರು ಹಾಕುವಾಗೆಲ್ಲ ನೆನಪಾಗುತ್ತಿತ್ತು.

ಏಪ್ರಿಲ್‌ನಲ್ಲಿ ಆ ನೀರು ಹಾಕುವ ಕೆಲಸ ನಿನ್ನ ಪಾಲಿಗೆ ಬಂತು. ಆ ಮಧ್ಯಾಹ್ನ ನೀನು ಕೊಡ ಖಾಲಿ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಡಬ್ಬಿಯ ಮೇಲಿನ ಚೀಟಿಯ ಬಟನ್ ಒತ್ತಿದೆಯಂತೆ. ಬರಿಗಾಲು. ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಓಬಣ್ಣ ಚೀಟಿಗಾಗಿ ಕಿಟಕಿಯಲ್ಲಿ ನಿಂತಿರದಿದ್ದರೆ, ಗಾಲಿಗೆ ಅಡ್ಡ ಕೊಡುವ ಮರದ ತುಂಡಿನಿಂದ ನಿನ್ನ ಕೈಯನ್ನು ಡಬ್ಬಿಯಿಂದ ಬಿಡಿಸದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ನಾನು ದಿನಕ್ಕೆ ಎಷ್ಟೋ ಸಲ ಯೋಚಿಸುತ್ತೇನೆ. ನಿಮ್ಮ ಭಾವ ಬಂದವರೇ, "ಒದ್ದಿ ಕೈಲೆ ಮುಟ್ಟಿದ್ರ ಕರೆಂಟ್ ಮುತ್ತು ಕೊಡ್ತೈತೇನು? ಓದಾಕ ಬರಂಗಿಲ್ಲೇನು ಬುಕ್ಕಿನ್ಯಾಗ ಬರದದ್ದು?" ಎಂದರು. ನೀನು ನನ್ನ ಕಡೆ ನೋಡಿದೆ. ತಪ್ಪು ಅವಳದಲ್ಲ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನ ನೀನು ಹಡಗಲಿಯ ಬಸ್ಸು ಹತ್ತಿದೆ.

ನಾನು ಬಾಯಿಬಿಟ್ಟದ್ದು ಆ ಮೇಲೆ. ಮೆಕ್ಯಾನಿಕ್ ಜಂಬುನಾಥ ಬಂದಾಗ, ಪತ್ರಿಯ ಬುಡ ನೋಡು ಎಂದೆ. ಮಣ್ಣು ಸರಿಸಿದ. ಮುರಿದ ಪಟ್ಟಿಯ ಸುತ್ತ ಬೇರು ಇಳಿದಿತ್ತು. ಈ ಬರದಲ್ಲಿ ನಮ್ಮ ಬೀದಿಯಲ್ಲಿ ಹಸಿರಾಗಿ ಚಿಗುರಿದ್ದು ಅದೊಂದೇ ಗಿಡ. ಕಿತ್ತು ಬೇರೆಡೆ ನೆಡೋಣ ಎಂದದ್ದಕ್ಕೆ ಅತ್ತೆ, "ಪತ್ರಿ ಕಿತ್ತ ಕೈಲೆ ಲಿಂಗಪೂಜಿ ಹೆಂಗ ಮಾಡ್ಲಿ? ನಾ ಸತ್ತ ಮ್ಯಾಲೆ ಕೀಳ್ರಿ" ಎಂದು ಗಿಡದ ಪಕ್ಕ ಕೂತುಬಿಟ್ಟರು. ಜಂಬುನಾಥನೂ ಹಾರೆ ಕೆಳಗಿಟ್ಟ. "ನಾನೂ ಹೆಂಡ್ರು ಮಕ್ಳು ಇರಾಂವ ಅಕ್ಕಾರ, ನನ್ನ ಕೈಲೆ ಆಗಂಗಿಲ್ಲ." ಕ್ಯಾಬಿನ್ನಿನ ಇನ್ನೊಂದು ಬದಿಗೆ ಹೊಸ ಗುಂಡಿ ತೆಗೆಯೋಣವೆಂದರೆ ಎರಡು ಅಡಿಗೆ ಬಂಡೆ. ಅದನ್ನು ಒಡೆಸಲು ನಾಲ್ಕು ದಿನ ಕಾಟಾ ನಿಲ್ಲಬೇಕು, ಗೊಬ್ಬರದ ಲಾರಿ ಮುಗಿಯುವವರೆಗೆ ಆಗದು ಎಂದರು ನಿಮ್ಮ ಭಾವ. ಕರೆಂಟು ಎಲ್ಲಿ ಸೋರುತ್ತಿದೆ ಎಂದು ಡಬ್ಬಿಯನ್ನೇ ಬಿಚ್ಚಿ ನೋಡೋಣವೆಂದರೆ ಬೆನ್ನಿಗೆ ತೂಕ-ಅಳತೆ ಇಲಾಖೆಯ ಸೀಸದ ಮುದ್ರೆ. ಒಡೆದರೆ ಅವರು ಬಂದು ಮತ್ತೆ ಮುದ್ರೆ ಒತ್ತುವ ತನಕ ತೂಕ ಮಾಡುವಂತಿಲ್ಲ. ಗಿಡ ಕೀಳುವಂತಿಲ್ಲ, ಬಂಡೆ ಒಡೆಯುವಂತಿಲ್ಲ, ಡಬ್ಬಿ ತೆರೆಯುವಂತಿಲ್ಲ, ಕ್ಯಾಬಿನ್ ಮುಚ್ಚುವಂತಿಲ್ಲ. ಕೊನೆಗೆ ಜಂಬುನಾಥ ಹೊಸ ಪ್ಲಗ್ ಹಾಕಿ, ಅರ್ಥಿಂಗ್ ತಂತಿಯನ್ನು ಗೋಡೆಯ ಪಕ್ಕದ ನಲ್ಲಿಯ ಪೈಪಿಗೆ ಬಿಗಿದು ಕಟ್ಟಿದ. "ಪೈಪು ನೆಲದಾಗ ಹೋಗೇತಿ, ಇನ್ನ ಹೊಡಿಯಂಗಿಲ್ಲ" ಎಂದು ಹೇಳಿಹೋಗಿದ್ದಾನೆ. ರಿಪೇರಿ ಎಂದರೆ ಇಷ್ಟು.

ಇನ್ನು ನನ್ನ ಸ್ವಾರ್ಥ. ಹರಪನಹಳ್ಳಿಯ ಕಾಲೇಜಿನಿಂದ ಆದೇಶ ಬಂದಿದೆ. ಅತಿಥಿ ಉಪನ್ಯಾಸಕಿ, ವಾರಕ್ಕೆ ಮೂರು ದಿನ, ಕನ್ನಡ. ಜೂನ್ ಒಂಬತ್ತರೊಳಗೆ ಹಾಜರಾಗಬೇಕು. ಎಂ.ಎ. ಮುಗಿದು ಇಪ್ಪತ್ನಾಲ್ಕು ವರ್ಷದ ಮೇಲೆ, ನಲವತ್ತೇಳನೇ ವಯಸ್ಸಿನಲ್ಲಿ ಬಂದದ್ದು. ಇನ್ನೊಮ್ಮೆ ಯಾರೂ ಕರೆಯುವುದಿಲ್ಲ. ನಿಮ್ಮ ಭಾವ ಬೇಡವೆಂದಿಲ್ಲ. "ವಾಣಿ ಬಂದು ಕುಂತ್ರ ನೀ ಹೋಗು, ಯಾರು ಬ್ಯಾಡಂದ್ರು?" ಎಂದಿದ್ದಾರೆ. ಹಾಗಾಗಿ ನೀನು ಬಂದರೆ ಎಲ್ಲರಿಗಿಂತ ಹೆಚ್ಚು ಸಂತೋಷಪಡುವವಳು ನಾನೇ. ಅದನ್ನು ಮುಚ್ಚಿಟ್ಟು ನಿನಗೆ ಕಾಗದ ಬರೆಯಲಾರೆ. ಒಂದು ಇಡೀ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ, ಯಾರೂ ಹಾರ್ನು ಹೊಡೆಯದೆ, ನಲವತ್ತು ಮಕ್ಕಳೆದುರು ಓದುವುದನ್ನು ನಾನು ಅಡಿಗೆ ಮಾಡುತ್ತ ಎಷ್ಟೋ ಸಲ ಅಭ್ಯಾಸ ಮಾಡಿದ್ದೇನೆ.

ನೀನು ಸೋಮವಾರದೊಳಗೆ ಬರಬೇಕೆಂದು ನಿಮ್ಮ ಭಾವನವರ ಅಪೇಕ್ಷೆ, ಅತ್ತೆಯದೂ ಅದೇ. ಅತ್ತೆ ಕೊಟ್ಟ ವಿಭೂತಿ ಕಾಗದದ ಮಡಿಕೆಯಲ್ಲಿದೆ, ಅರ್ಚನಾಳ ಹಣೆಗೂ ಹಚ್ಚು. ನಿನ್ನ ಅವ್ವನಿಗೆ ನನ್ನ ಶರಣು ಹೇಳು. ಶಿವನು ನಿನ್ನ ಕೈಯನ್ನು ಮೊದಲಿನಂತೆ ಮಾಡಲಿ.

ನಿನ್ನ ಅಕ್ಕ,
ಶಿವಲೀಲಾ

ತಾ.ಕ. ಇದು ಗುರುವಾರ, ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಮೇಲಿನದನ್ನು ನಿಮ್ಮ ಭಾವ ನೋಡಿ ಸರಿ ಎಂದರು. ವಾಣಿ, ಬರಬೇಡ. ಇವತ್ತು ಬೆಳಿಗ್ಗೆ ನೀರಿನ ಸೋರಿಕೆ ನೋಡಲು ನಲ್ಲಿಯವರು ಕ್ಯಾಬಿನ್ ಮುಂದೆ ಅಗೆದರು. ಗೋಡೆಯ ಹತ್ತಿರ ಕಾಣುವ ಮೊಳದುದ್ದ ಮಾತ್ರ ಕಬ್ಬಿಣ, ಮಣ್ಣೊಳಗಿನದೆಲ್ಲ ಕಪ್ಪು ಪ್ಲಾಸ್ಟಿಕ್ ಪೈಪು. ಜಂಬುನಾಥ ಕಟ್ಟಿದ ತಂತಿ ನೆಲವನ್ನು ಮುಟ್ಟಿಯೇ ಇಲ್ಲ. ಡಬ್ಬಿಯ ಮೈಗೆ ಟೆಸ್ಟರ್ ಹಿಡಿದೆ, ಅದರ ದೀಪ ಉರಿಯಿತು. ನಿಮ್ಮ ಭಾವನಿಗೆ ಹೇಳಿದೆ. "ದಿನಾ ನೀನ ಕುಂದರ್ತೀಯಲ್ಲ, ನಿನಗೇನಾಗೇತಿ?" ಎಂದರು. ನಾನು ಮಣೆಯ ಮೇಲೆ ಕಾಲಿಟ್ಟು, ಮರದ ಸ್ಕೇಲಿನಿಂದ ಬಟನ್ ಒತ್ತುತ್ತೇನೆ, ಅದಕ್ಕೆ ಏನೂ ಆಗಿಲ್ಲ. ನೀನು ಮಾಡಬೇಕಾದ್ದು ಇಷ್ಟು. ಅವರ ಹೆಸರಿಗೇ ಕಾಗದ ಬರೆ: ಬಂಡೆ ಒಡೆಸಿ ಹೊಸ ಅರ್ಥಿಂಗ್ ಹಾಕಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅಳೆದು ಬರೆದುಕೊಟ್ಟ ಚೀಟಿ ಕೈಗೆ ಬರುವ ತನಕ ನಾನು ಕೊಟ್ಟೂರಿಗೆ ಕಾಲಿಡುವುದಿಲ್ಲ ಎಂದು. ನಿನ್ನ ಅವ್ವನ ಸಹಿಯೂ ಇರಲಿ. ಇಲ್ಲೇ ಇರುವವಳ ಮಾತು ದಿನದ ಗೊಣಗಾಟ. ಬಾರದೆ ನಿಂತವಳ ಮಾತು ಬೀಗರ ಮನೆಯ ಮಾತಾಗುತ್ತದೆ, ಉತ್ತರ ಕೊಡಲೇಬೇಕು. ಒಂದು ತಿಂಗಳಾಗಲಿ, ಎರಡಾಗಲಿ, ಮಣಿಯಬೇಡ. ಬಸವೇಶ ಕರೆಯಲು ಬಂದರೂ ಮಣಿಯಬೇಡ. ನನ್ನ ಕಾಲೇಜಿನ ಚಿಂತೆ ನಿನಗೆ ಬೇಡ. ಈಗ ಎರಡು ಕವರಿಗೆ ಅಂಟು ಹಚ್ಚಿದ್ದೇನೆ. ಇನ್ನೊಂದು ಹರಪನಹಳ್ಳಿಯ ಪ್ರಿನ್ಸಿಪಾಲರಿಗೆ, ಈ ವರ್ಷ ಬರಲಾಗುವುದಿಲ್ಲ ಎಂದು.