ನುಚ್ಚು ತಿಂದ ಮರಿಗಳು

ಹೇರೂರು,
ಮಂಗಳವಾರ

ಪಶುವೈದ್ಯ ಸಾಹೇಬರಿಗೆ ನಮಸ್ಕಾರ.

ನಿನ್ನೆ ದಾರಿಯಲ್ಲೇ ಸತ್ತ ಕೋಳಿಮರಿಯನ್ನು ಬುಟ್ಟಿಯಲ್ಲಿ ತಂದವರು ನಾವು, ಅತ್ತೆ ಮತ್ತು ಸೊಸೆ. ಏನು ತಿನ್ನಿಸುತ್ತೀರಿ ಎಂದು ಕೇಳಿದಿರಿ. “ನೀವು ಹೇಳಿದ ಫೀಡೇ ರೀ ಸಾಹೇಬ್ರ” ಎಂದರು ಅತ್ತೆ. ಅದು ನಿಜವಲ್ಲ. ಬಿ.ಎ. ಓದಿದವಳಾದರೂ ನಾನು ಬಾಯಿ ಬಿಡಲಿಲ್ಲ. ಮೂರು ವಾರದಿಂದ ಮಾವ ಗಿರಣಿಯಿಂದ ತರುವ ಅಕ್ಕಿನುಚ್ಚು ಬಿಟ್ಟು ಮರಿಗಳಿಗೆ ಬೇರೇನೂ ಹಾಕಿಲ್ಲ. “ನಾವು ಉಂಡು ಬೆಳೆದ ಅಕ್ಕಿ, ಕೋಳಿಗೆ ಸಾಲಂಗಿಲ್ಲೇನ?” ಎನ್ನುತ್ತಾರೆ ಅತ್ತೆ.

ಮೇವು ಸರಿಯಿದ್ದರೆ ಇದು ಹರಡುವ ರೋಗವಿರಬೇಕು, ಅದಕ್ಕೆ ಔಷಧಿಯಿಲ್ಲ ಎಂದಿರಿ. ಉಳಿದ ನಲವತ್ತು ಮರಿಗಳನ್ನೂ ನಾಳೆ ಹೂಳಲು ಮಾವ ಗುಂಡಿ ತೋಡಿದ್ದಾರೆ. ಆದರೆ ನೀವು ಹೇಳಿದ ಆ ರೋಗದಲ್ಲಿ ಆಗುವಂತೆ ಅವು ಕಾಲು ಚಾಚಿ ಬಿದ್ದಿಲ್ಲ. ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು ತೆವಳುತ್ತವೆ, ನನ್ನನ್ನು ಕಂಡರೆ ಬಾಯಿ ತೆರೆಯುತ್ತವೆ. ನಿಮ್ಮ ಗೋಡೆಯ ಪಟದಲ್ಲಿ ಅಂಥದೇ ಕಾಲಿನ ಚಿತ್ರದ ಕೆಳಗೆ ‘ಜೀವಸತ್ವದ ಕೊರತೆ’ ಎಂದಿತ್ತು.

ನಾಳೆ ಬೆಳಿಗ್ಗೆ ಎಂಟರೊಳಗೆ ದಯವಿಟ್ಟು ಬನ್ನಿ. ನೀರಿನಲ್ಲಿ ಬೆರೆಸುವ ಔಷಧಿ ಇದ್ದರೆ ತನ್ನಿ. ಅತ್ತೆಯ ಮುಂದೆ ನಾನೇ ಎಲ್ಲ ಹೇಳಬೇಕೆಂದಿದ್ದೇನೆ. ನಾನು ಸುಮ್ಮನೆ ನಿಂತರೆ ಈ ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ನಿಮ್ಮ ದಾರಿ ಕಾಯುತ್ತಿರುವ
ಶಿವಗಂಗಾ